24 ವರ್ಷಗಳ ಅಂತರದಲ್ಲಿ ಎರಡು ‘ಬೇಡ’: ಜನೆಟ್ ರ‍್ಯಾಂಕಿನ್ ಪ್ರಕರಣ

ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ ಜನೆಟ್ ರ‍್ಯಾಂಕಿನ್. ಅವರ ಬಗ್ಗೆ ಕೇಳಿದರೆ ಸಾಮಾನ್ಯವಾಗಿ ಒಂದೇ ಸಾಲಿನ ಉತ್ತರ ಸಿಗುತ್ತದೆ: ಎರಡು ಮಹಾಯುದ್ಧಗಳಿಗೂ ವಿರುದ್ಧವಾಗಿ ಮತ ಹಾಕಿದರು, ಎರಡು ಸಲವೂ ಅದರಿಂದಲೇ ಸ್ಥಾನ ಕಳೆದುಕೊಂಡರು. ಈ ಸಾಲಿನ ಮೊದಲರ್ಧದಲ್ಲಿ ತಪ್ಪಿಲ್ಲ. ಎರಡನೆಯ ಅರ್ಧವನ್ನು ಮಾತ್ರ ಹಾಗೇ ಒಪ್ಪಿಕೊಳ್ಳಲು ನನ್ನಿಂದ ಆಗುತ್ತಿಲ್ಲ. 1941ರ ಮತ ಅವರ ಸಂಸತ್ ಜೀವನವನ್ನು ಮುಗಿಸಿತು, ನಿಜ. 1918ರ ಸೋಲಿಗೆ ಮಾತ್ರ 1917ರ ಮತವೊಂದನ್ನೇ ಹೊಣೆ ಮಾಡಿದರೆ ಆ ಸೋಲಿನಲ್ಲಿ ಕೈಯಿದ್ದ ಉಳಿದ ಶಕ್ತಿಗಳೆಲ್ಲ ಸದ್ದಿಲ್ಲದೆ ತಪ್ಪಿಸಿಕೊಂಡುಬಿಡುತ್ತವೆ.

ಎರಡೂ ಸಲ ಕೇಳಿದ ಪ್ರಶ್ನೆ ಒಂದೇ, ಉತ್ತರಿಸಿದವರು ಅದೇ ವ್ಯಕ್ತಿ, ಕೊಟ್ಟ ಉತ್ತರವೂ ಅದೇ. ಸುತ್ತಲಿನ ಪರಿಸ್ಥಿತಿ ಮಾತ್ರ ಬೇರೆ. ಹಾಗಾಗಿ ಒಬ್ಬ ಜನಪ್ರತಿನಿಧಿ ಹಾಕಿದ ಮತಕ್ಕೆ ಬೆಲೆ ಕಟ್ಟುವವರು ಯಾರು, ಹೇಗೆ ಕಟ್ಟುತ್ತಾರೆ ಎಂಬುದನ್ನು ನೋಡಲು ಇಷ್ಟು ಸ್ಪಷ್ಟವಾದ ಪ್ರಕರಣ ಸಿಗುವುದು ಅಪರೂಪ.

ಹಿನ್ನೆಲೆ

ಜನೆಟ್ ಹುಟ್ಟಿದ್ದು 1880ರ ಜೂನ್ 11ರಂದು, ಮೊಂಟಾನಾದ ಮಿಜೂಲಾ ಊರಿನ ಹೊರಗಿನ ಒಂದು ಜಮೀನಿನಲ್ಲಿ. ಆಗ ಮೊಂಟಾನಾ ಇನ್ನೂ ರಾಜ್ಯವಾಗಿರಲಿಲ್ಲ. ಕೆನಡಾದಿಂದ ಬಂದು ಬಡಗಿ ಕೆಲಸ, ಮರದ ವ್ಯಾಪಾರ, ಜಾನುವಾರು ಸಾಕಣೆಗಳಲ್ಲಿ ಬೆಳೆದವರು ತಂದೆ. ತಾಯಿ ಪೂರ್ವದ ನ್ಯೂ ಹ್ಯಾಂಪ್‌ಶೈರ್‌ನಿಂದ ಪಾಠ ಹೇಳಲು ಬಂದ ಮೇಡಂ. ಮಕ್ಕಳಲ್ಲಿ ಜನೆಟ್ ಹಿರಿಯವರು. ಹಿರಿಮಗಳ ಪಾಲಿಗೆ ಬರುವ ಕೆಲಸವೆಲ್ಲ ಅವರ ಪಾಲಿಗೂ ಬಂತು. ತಮ್ಮ ತಂಗಿಯರನ್ನು ನೋಡಿಕೊಂಡರು, ಬಟ್ಟೆ ಹೊಲಿದರು. ತಂದೆಯ ಕಟ್ಟಡವೊಂದರ ಮುಂದೆ ಹಲಗೆ ಜೋಡಿಸಿ ಕಾಲುದಾರಿಯನ್ನು ತಾವೇ ಹಾಕಿದರು ಎನ್ನುತ್ತಾರೆ. 1902ರಲ್ಲಿ ಜೀವಶಾಸ್ತ್ರದಲ್ಲಿ ಪದವಿ ಮುಗಿಯಿತು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕೆಲವು ವರ್ಷ ಕಳೆದವು. ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ ಹೇಳಿದರು, ಸ್ವಲ್ಪ ಕಾಲ ಹೊಲಿಗೆ ಕಲಿತರು. 1904ರಲ್ಲಿ ತಂದೆ ತೀರಿಕೊಂಡರು.

ದಾರಿ ಕಂಡದ್ದು ನಗರಗಳಲ್ಲಿ. ಬಾಸ್ಟನ್ನಿನಲ್ಲಿ ಬಡವರ ಕೇರಿಗಳನ್ನು ಕಣ್ಣಾರೆ ನೋಡಿದರು. ಸ್ಯಾನ್ ಫ್ರಾನ್ಸಿಸ್ಕೋದ ಸೇವಾಗೃಹವೊಂದರಲ್ಲಿ ಕೆಲಸ ಮಾಡಿದರು. ನ್ಯೂಯಾರ್ಕಿನಲ್ಲಿ ಸಮಾಜಸೇವೆಯ ತರಬೇತಿ ಪಡೆದು, ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಅನಾಥ ಮಕ್ಕಳ ಜೊತೆ ದುಡಿದರು. ಮಕ್ಕಳನ್ನು ಒಬ್ಬೊಬ್ಬರಾಗಿ ಉಳಿಸುವುದರಲ್ಲೇ ಆಯುಷ್ಯ ಕಳೆದುಹೋಗುತ್ತದೆ, ಕಾನೂನು ಬದಲಾಗದೆ ಏನೂ ಬದಲಾಗದು ಎಂಬ ತೀರ್ಮಾನಕ್ಕೆ ಬಂದರು. ಕಾನೂನು ಬದಲಿಸಬೇಕಾದರೆ ಹೆಂಗಸರ ಕೈಗೆ ಮತ ಬರಬೇಕಿತ್ತು. 1910ರಲ್ಲಿ ವಾಷಿಂಗ್ಟನ್ ರಾಜ್ಯದ ಮಹಿಳಾ ಮತಾಧಿಕಾರ ಚಳವಳಿಗೆ ಸೇರಿದರು, ಅದು ಗೆದ್ದಿತು. 1911ರ ಫೆಬ್ರವರಿಯಲ್ಲಿ ತಮ್ಮದೇ ರಾಜ್ಯದ ಶಾಸನಸಭೆಯ ಮುಂದೆ ನಿಂತು ಮಾತಾಡಿದರು. ಅಲ್ಲಿ ಮಾತಾಡಿದ ಮೊದಲ ಹೆಣ್ಣುಮಗಳು ಅವರೇ. ಮುಂದಿನ ಮೂರು ವರ್ಷ ರೈಲು, ಕುದುರೆ, ಮೋಟಾರು, ಸಿಕ್ಕಿದ್ದನ್ನೆಲ್ಲ ಹತ್ತಿ ಮೊಂಟಾನಾದ ಗಣಿ ಊರುಗಳಿಗೂ ಒಂಟಿ ಜಮೀನು ಮನೆಗಳಿಗೂ ಹೋದರು. 1914ರ ನವೆಂಬರ್‌ನಲ್ಲಿ ಮೊಂಟಾನಾದ ಹೆಂಗಸರಿಗೆ ಮತಾಧಿಕಾರ ಸಿಕ್ಕಿತು.

ಈ ಓಡಾಟವನ್ನು ಒತ್ತಿ ಹೇಳಲು ಕಾರಣವಿದೆ. ರ‍್ಯಾಂಕಿನ್ ಅವರನ್ನು ಎಲ್ಲಿಂದಲೋ ಇಳಿದುಬಂದ ಆದರ್ಶವಾದಿಯಂತೆ ಚಿತ್ರಿಸುವುದು ವಾಡಿಕೆಯಾಗಿಬಿಟ್ಟಿದೆ. ಅವರು ನುರಿತ ಸಂಘಟಕಿ. ಯಾವ ಊರಿನಲ್ಲಿ ಯಾರನ್ನು ಮಾತಾಡಿಸಬೇಕು, ಯಾವ ಬಾಗಿಲು ತಟ್ಟಬೇಕು ಎಂಬುದು ಅವರಿಗೆ ಕರತಲಾಮಲಕ. 1916ರ ಚುನಾವಣೆ ಗೆದ್ದದ್ದು ಈ ಜ್ಞಾನದಿಂದ.

ಗೆಲುವಿನ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ಮೊಂಟಾನಾಕ್ಕೆ ಆಗ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಎರಡು ಸ್ಥಾನ, ಆದರೆ ಇಡೀ ರಾಜ್ಯವೇ ಒಂದು ಕ್ಷೇತ್ರ. ಪ್ರತಿ ಮತದಾರರಿಗೂ ಎರಡು ಮತ. ರ‍್ಯಾಂಕಿನ್ ನಿಂತದ್ದು ರಿಪಬ್ಲಿಕನ್ ಪಕ್ಷದಿಂದ. ಪ್ರಚಾರದ ಖರ್ಚಿಗೂ ತಂತ್ರಕ್ಕೂ ಬೆನ್ನಿಗೆ ನಿಂತವರು ವಕೀಲ ತಮ್ಮ ವೆಲಿಂಗ್ಟನ್. ನಿಮ್ಮ ಊರಿನವರಿಗೆ ಒಂದು ಮತ ಹಾಕಿ, ಇನ್ನೊಂದನ್ನು ನನಗೆ ಕೊಡಿ ಎಂದು ಜನೆಟ್ ಕೇಳಿದರು. ಯಾರನ್ನೂ ಬಿಟ್ಟುಕೊಡಿ ಎನ್ನಲಿಲ್ಲ. ಆ ವರ್ಷ ಅಧ್ಯಕ್ಷ ಚುನಾವಣೆಯಲ್ಲಿ ಮೊಂಟಾನಾವನ್ನು ಗೆದ್ದವರು ಡೆಮಾಕ್ರಟಿಕ್ ಪಕ್ಷದ ವುಡ್ರೋ ವಿಲ್ಸನ್. ಅದರ ನಡುವೆಯೂ ರ‍್ಯಾಂಕಿನ್ ಎರಡನೆಯ ಸ್ಥಾನದಲ್ಲಿ ಬಂದು ಗೆದ್ದರು. ಮೊದಲ ದಿನ ಪತ್ರಿಕೆಗಳು ಅವರು ಸೋತರೆಂದೇ ಬರೆದವು. ದೂರದ ಹಳ್ಳಿಗಳ ಎಣಿಕೆ ಬರುತ್ತಾ ಹೋದಂತೆ ಲೆಕ್ಕ ತಿರುಗಿತು.

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಹೆಂಗಸರಿಗೆ ಇನ್ನೂ ಮತವಿರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಹೆಂಗಸು ದೇಶದ ಕಾನೂನು ಮಾಡಲು ಹೊರಟಿದ್ದರು. ಪತ್ರಿಕೆಗಳು ಅವರ ಕೂದಲಿನ ಬಣ್ಣ, ಉಡುಪು, ಅಡುಗೆ, ಹೊಲಿಗೆಗಳ ಬಗ್ಗೆ ಕಾಲಂಗಟ್ಟಲೆ ಬರೆದವು. ಅವರ ಹಲ್ಲಿನ ಚಿತ್ರಕ್ಕಾಗಿ ಟೂತ್‌ಪೇಸ್ಟ್ ಕಂಪನಿಯೊಂದು ದುಡ್ಡು ಕೊಡಲು ಮುಂದೆ ಬಂತು.

ಮೊದಲ ಮತ: 1917

1917ರ ಏಪ್ರಿಲ್ 2, ಸೋಮವಾರ. ಬೆಳಿಗ್ಗೆ ಮತಾಧಿಕಾರ ಚಳವಳಿಯ ಎರಡೂ ಬಣದ ನಾಯಕಿಯರು ಕೂಡಿ ರ‍್ಯಾಂಕಿನ್ ಅವರಿಗೆ ಉಪಾಹಾರದ ಸತ್ಕಾರ ಮಾಡಿದರು. ಅಲ್ಲಿ ಕೊಟ್ಟ ಹೂಗೊಂಚಲನ್ನು ಹಿಡಿದುಕೊಂಡೇ ಅವರು ಸದನದೊಳಗೆ ಬಂದರು. ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ರಾತ್ರಿ ಅಧ್ಯಕ್ಷ ವಿಲ್ಸನ್ ಬಂದು ಜರ್ಮನಿಯ ಮೇಲೆ ಯುದ್ಧ ಘೋಷಿಸಿರೆಂದು ಸಂಸತ್ತನ್ನು ಕೇಳಿದರು. ಮೊದಲ ಹೆಂಗಸಿನ ಮೊದಲ ದಿನ ಮುಗಿದದ್ದು ಹೀಗೆ.

ಮುಂದಿನ ನಾಲ್ಕು ದಿನ ಅವರ ಮೇಲೆ ಬಿದ್ದ ಒತ್ತಡ ಹೊರಗಿನದ್ದಕ್ಕಿಂತ ಒಳಗಿನದ್ದೇ ಹೆಚ್ಚು. ತಮ್ಮ ವೆಲಿಂಗ್ಟನ್ ವಾಷಿಂಗ್ಟನ್ನಿಗೆ ಬಂದಿದ್ದರು. ಯುದ್ಧದ ಪರ ಮತ ಹಾಕು, ಗಂಡಸರು ಹಾಕುವ ಮತವನ್ನೇ ಹಾಕು, ಇಲ್ಲದಿದ್ದರೆ ಮತ್ತೆ ಗೆಲ್ಲುವುದಿಲ್ಲ ಎಂದರು. ಕ್ಯಾರಿ ಚಾಪ್ಮನ್ ಕ್ಯಾಟ್ ಅವರ ನಾಯಕತ್ವದ ದೊಡ್ಡ ಮತಾಧಿಕಾರ ಸಂಘಟನೆ, ಯುದ್ಧ ಬಂದರೆ ಸರ್ಕಾರದ ಜೊತೆಗಿರುತ್ತೇವೆಂದು ಆಗಲೇ ಮಾತು ಕೊಟ್ಟಿತ್ತು. ರ‍್ಯಾಂಕಿನ್ ‘ಬೇಡ’ ಎಂದರೆ ಹೆಂಗಸರಿಗೆ ರಾಜ್ಯಭಾರದ ಗಟ್ಟಿತನವಿಲ್ಲ ಎಂದು ವಿರೋಧಿಗಳು ಆಡಿಕೊಳ್ಳುತ್ತಾರೆ, ನಮ್ಮ ಹೋರಾಟ ವರ್ಷಗಟ್ಟಲೆ ಹಿಂದೆ ಬೀಳುತ್ತದೆ ಎಂಬುದು ಅವರ ಭಯ. ಇನ್ನೊಂದು ಬಣದ ಆಲಿಸ್ ಪಾಲ್ ಅವರ ಒಲವು ಶಾಂತಿಯ ಕಡೆಗಿತ್ತು.

ಚರ್ಚೆ ಏಪ್ರಿಲ್ 5ರಂದು ಶುರುವಾಗಿ ಹಗಲು ದಾಟಿ, ರಾತ್ರಿ ದಾಟಿ, 6ರ ಬೆಳಗಿನ ಜಾವ ಮೂರರ ಹೊತ್ತಿಗೆ ಮತಕ್ಕೆ ಬಂತು. ಅವತ್ತು ಗುಡ್ ಫ್ರೈಡೆ. ಇಷ್ಟು ಹೊತ್ತಿನಲ್ಲಿ ರ‍್ಯಾಂಕಿನ್ ಒಂದು ಮಾತನ್ನೂ ಆಡಿರಲಿಲ್ಲ. ಹೆಸರು ಕರೆದು ಮತ ಪಡೆಯುವಾಗ ಮೊದಲ ಸುತ್ತಿನಲ್ಲಿ ಅವರ ಹೆಸರು ಬಂತು, ಅವರು ಸುಮ್ಮನಿದ್ದರು. ಹಿರಿಯ ಸದಸ್ಯ ಜೋ ಕ್ಯಾನನ್ ಹತ್ತಿರ ಬಂದು, ದೇಶದ ಹೆಂಗಸರ ಪ್ರತಿನಿಧಿ ನೀವು, ಯಾವ ಕಡೆಗಾದರೂ ಸರಿ, ಮತ ಹಾಕದೆ ಮಾತ್ರ ಇರಬೇಡಿ ಎಂದರಂತೆ. ಎರಡನೆಯ ಸಲ ಹೆಸರು ಕರೆದಾಗ ಎದ್ದು ನಿಂತು ಹೇಳಿದರು: “ನನ್ನ ದೇಶದ ಜೊತೆ ನಿಲ್ಲಬೇಕೆಂಬ ಆಸೆ ನನಗಿದೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ.” ಹೆಸರು ಕರೆಯುವಾಗ ‘ಹೌದು’ ಅಥವಾ ‘ಇಲ್ಲ’ ಎನ್ನಬೇಕೇ ಹೊರತು ವಿವರಣೆ ಕೊಡುವ ಪದ್ಧತಿ ಆ ಸದನದಲ್ಲಿರಲಿಲ್ಲ. ಅವರು ಅದನ್ನೂ ಮುರಿದರು.

ಯುದ್ಧದ ಪರ 373, ವಿರುದ್ಧ 50. ಮೇಲ್ಮನೆಯಾದ ಸೆನೆಟ್‌ನಲ್ಲಿ ಎರಡು ದಿನ ಮೊದಲೇ 82ಕ್ಕೆ 6ರಂತೆ ನಿರ್ಣಯ ಪಾಸಾಗಿತ್ತು.

ಮರುದಿನ ಪತ್ರಿಕೆಗಳಿಗೆ ಬೇಕಾಗಿದ್ದದ್ದು ಅವರು ಅತ್ತರೋ ಇಲ್ಲವೋ ಎಂಬುದು. ಬಿಕ್ಕಿ ಬಿಕ್ಕಿ ಅತ್ತರು ಎಂದು ಬರೆದವರುಂಟು. ಅಂದು ಸದನದಲ್ಲಿದ್ದ ಫಿಯೊರೆಲ್ಲೊ ಲಾ ಗಾರ್ಡಿಯಾ ಅವರನ್ನು ಈ ಬಗ್ಗೆ ಕೇಳಿದಾಗ, ನನ್ನ ಕಣ್ಣಲ್ಲೇ ನೀರು ತುಂಬಿತ್ತು, ಅವರ ಕಣ್ಣು ನನಗೆ ಕಾಣಲಿಲ್ಲ ಎಂದರು. ಲಾ ಗಾರ್ಡಿಯಾ ಮತ ಹಾಕಿದ್ದು ಯುದ್ಧದ ಪರವಾಗಿ. ನನಗೆ ಈ ಇಡೀ ರಾತ್ರಿಯ ವರದಿಗಳಲ್ಲಿ ಎಲ್ಲಕ್ಕಿಂತ ಮನುಷ್ಯತ್ವದ ಮಾತು ಇದು. ಆ ಐವತ್ತು ಜನರಲ್ಲಿ ನಲವತ್ತೊಂಬತ್ತು ಮಂದಿ ಗಂಡಸರು. ಬಹುಮತದ ಪಕ್ಷದ ಸದನ ನಾಯಕ ಕ್ಲಾಡ್ ಕಿಚಿನ್ ಅವರೂ ಅದರಲ್ಲಿದ್ದರು. ಅವರ ಮತವನ್ನು ಗಂಡಸಿನ ಮತವೆಂದು ಯಾರೂ ಕರೆಯಲಿಲ್ಲ, ರ‍್ಯಾಂಕಿನ್ ಅವರದ್ದು ಮಾತ್ರ ಹೆಂಗಸಿನ ಮತವಾಯಿತು.

ಚಳವಳಿಯ ನಾಯಕಿಯರು ಹೆದರಿದ್ದಂತೆ ನಡೆಯಿತೇ? ಇಲ್ಲ. ಏಳು ತಿಂಗಳ ನಂತರ, 1917ರ ನವೆಂಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಗಂಡಸು ಮತದಾರರು ಹೆಂಗಸರಿಗೆ ಮತಾಧಿಕಾರ ಕೊಟ್ಟರು. 1918ರ ಜನವರಿ 10ರಂದು ಮಹಿಳಾ ಮತಾಧಿಕಾರದ ಸಂವಿಧಾನ ತಿದ್ದುಪಡಿ ಪ್ರತಿನಿಧಿ ಸಭೆಗೆ ಬಂತು. ಚರ್ಚೆ ಆರಂಭಿಸಿದವರು ರ‍್ಯಾಂಕಿನ್. ಜಗತ್ತಿನಲ್ಲಿ ಪ್ರಜಾಪ್ರಭುತ್ವ ಉಳಿಸುತ್ತೇವೆಂದು ಯುದ್ಧಕ್ಕೆ ಮತ ಹಾಕಿದ ಇದೇ ಸಂಸತ್ತು, ನಮ್ಮ ದೇಶದ ಹೆಂಗಸರಿಗೆ ಇಷ್ಟು ಚಿಕ್ಕ ಪಾಲಿನ ಪ್ರಜಾಪ್ರಭುತ್ವವನ್ನು ಕೊಡುವುದಿಲ್ಲವೆಂದರೆ ಜನರಿಗೆ ಆ ಪದದ ಅರ್ಥವನ್ನು ಹೇಗೆ ವಿವರಿಸುತ್ತೀರಿ ಎಂದು ಕೇಳಿದರು. 274–136. ಬೇಕಿದ್ದ ಮೂರನೇ ಎರಡು ಭಾಗ ಅಂಚಿನಲ್ಲಿ ದಕ್ಕಿತು. ಮಸೂದೆ ಆಮೇಲೆ ಸೆನೆಟ್‌ನಲ್ಲಿ ಬಿತ್ತು. 1919ರಲ್ಲಿ ಮತ್ತೆ ಬಂದು ಎರಡೂ ಸದನಗಳಲ್ಲಿ ಗೆದ್ದಾಗ ಸಂಸತ್ತಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. 1918ರ ಆ ದಿನ ತಮ್ಮ ಮತಾಧಿಕಾರಕ್ಕೆ ತಾವೇ ಮತ ಹಾಕುವ ಅವಕಾಶ ಸಿಕ್ಕಿದ್ದು ಒಬ್ಬರೇ ಒಬ್ಬ ಹೆಣ್ಣುಮಗಳಿಗೆ. (ಅದಕ್ಕೆ ಕೆಲವೇ ವಾರ ಮೊದಲು, 1917ರ ಡಿಸೆಂಬರ್‌ನಲ್ಲಿ, ಮದ್ರಾಸಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ನಿಯೋಗ ಬ್ರಿಟಿಷ್ ಮಂತ್ರಿ ಮಾಂಟೆಗು ಅವರನ್ನು ಕಂಡು ಭಾರತದ ಹೆಂಗಸರಿಗೂ ಮತ ಕೊಡಿ ಎಂದು ಕೇಳಿತ್ತು.)

1918ರ ಸೋಲಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಯುದ್ಧವಿರೋಧಿ ಮತವೇ ಸೋಲಿನ ಕಾರಣವಾಗಿದ್ದರೆ ಉಳಿದ ನಲವತ್ತೊಂಬತ್ತು ಮಂದಿಗೂ ಅದೇ ಗತಿಯಾಗಬೇಕಿತ್ತು. ಕಿಚಿನ್ 1923ರಲ್ಲಿ ಸಾಯುವವರೆಗೂ ಸದಸ್ಯರಾಗಿಯೇ ಇದ್ದರು. ಸೆನೆಟ್‌ನ ಆರು ಮಂದಿಯಲ್ಲಿ ನೆಬ್ರಾಸ್ಕಾದ ಜಾರ್ಜ್ ನಾರಿಸ್ 1918ರಲ್ಲೇ ಮರು ಆಯ್ಕೆಯಾದರು, ಆಮೇಲೂ ಎರಡು ದಶಕಕ್ಕಿಂತ ಹೆಚ್ಚು ಕಾಲ ಮುಂದುವರಿದರು. ವಿಸ್ಕಾನ್ಸಿನ್‌ನ ಲಾ ಫಾಲೆಟ್ 1922ರಲ್ಲಿ ಮತ್ತೆ ಗೆದ್ದರು. ಹಾಗಾದರೆ ಮೊಂಟಾನಾದಲ್ಲಿ ಬೇರೇನೋ ನಡೆದಿತ್ತು.

1917ರ ಜೂನ್ 8ರ ರಾತ್ರಿ ಬ್ಯೂಟ್ ಎಂಬ ಗಣಿ ಊರಿನಲ್ಲಿ, ಸ್ಪೆಕ್ಯುಲೇಟರ್ ಗಣಿಯ ಆಳದಲ್ಲಿ ಬೆಂಕಿ ಹತ್ತಿತು. 168 ಕಾರ್ಮಿಕರು ಸತ್ತರು. ಬದುಕಿದವರು ಮುಷ್ಕರಕ್ಕೆ ಇಳಿದರು. ತಾಮ್ರಕ್ಕೆ ಯುದ್ಧಕಾಲದಲ್ಲಿ ಚಿನ್ನದ ಬೆಲೆ, ಅದನ್ನು ತೆಗೆಯುವವನ ಜೀವಕ್ಕೆ ಬೆಲೆಯಿಲ್ಲ. ಆಗಸ್ಟ್ 1ರಂದು ಕಾರ್ಮಿಕ ಸಂಘಟಕ ಫ್ರಾಂಕ್ ಲಿಟ್ಲ್ ಅವರನ್ನು ಮುಸುಕುಧಾರಿಗಳು ಎಳೆದೊಯ್ದು ರೈಲು ಸೇತುವೆಗೆ ನೇಣು ಹಾಕಿದರು. ರ‍್ಯಾಂಕಿನ್ ಅದೇ ತಿಂಗಳು ಬ್ಯೂಟ್‌ಗೆ ಬಂದು ಸಾವಿರಾರು ಗಣಿ ಕಾರ್ಮಿಕರ ಮುಂದೆ ನಿಂತು ಮಾತಾಡಿದರು. ಗಣಿಗಳನ್ನು ಸರ್ಕಾರವೇ ವಹಿಸಿಕೊಳ್ಳಬೇಕೆಂದು ಸಂಸತ್ತಿನಲ್ಲಿ ನಿರ್ಣಯ ತಂದರು. ಎದುರಿಗಿದ್ದದ್ದು ಅನಕೊಂಡ ತಾಮ್ರ ಕಂಪನಿ. ಮೊಂಟಾನಾದ ಹೆಚ್ಚಿನ ದಿನಪತ್ರಿಕೆಗಳು ಅದರ ಹಿಡಿತದಲ್ಲಿದ್ದವು. ಈ ಕಂಪನಿಯನ್ನು ಎದುರು ಹಾಕಿಕೊಂಡವರಿಗೆ ಆದದ್ದೇ ನನಗೂ ಆಗುತ್ತದೆ ಎಂದು ರ‍್ಯಾಂಕಿನ್ ಮೊದಲೇ ಬಾಯಿಬಿಟ್ಟು ಹೇಳಿದ್ದರು.

ಅದರ ಜೊತೆಗೆ ಕ್ಷೇತ್ರದ ಗೆರೆ. 1917ರಲ್ಲಿ ಮೊಂಟಾನಾದ ಶಾಸನಸಭೆ ಇಡೀ ರಾಜ್ಯದ ಒಂದೇ ಕ್ಷೇತ್ರವನ್ನು ಒಡೆದು ಪೂರ್ವ, ಪಶ್ಚಿಮ ಎಂದು ಎರಡು ಮಾಡಿತು. ಅಲ್ಲಿಗೆ ಎರಡು ಮತದ ತಂತ್ರ ಹೋಯಿತು. ರ‍್ಯಾಂಕಿನ್ ಅವರ ಮಿಜೂಲಾ ಪಶ್ಚಿಮಕ್ಕೆ ಬಂತು, ಅಲ್ಲಿ ಆಗ ಡೆಮಾಕ್ರಟ್‌ಗಳ ಬಲ ಹೆಚ್ಚು. ರಾಜ್ಯದ ಮೂಲೆಮೂಲೆಗಳಲ್ಲಿ ಅವರಿಗೆ ಓಟು ಹಾಕಿದ್ದ ರೈತ ಹೆಂಗಸರಲ್ಲಿ ಎಷ್ಟೋ ಮಂದಿ ಗೆರೆಯ ಆಚೆಗೆ ಉಳಿದರು. ರಾಜ್ಯದ ಎಲ್ಲರೂ ಮತ ಹಾಕುವ ಚುನಾವಣೆ ಎಂದರೆ ಸೆನೆಟ್ ಒಂದೇ. ಹಾಗಾಗಿ 1918ರಲ್ಲಿ ರ‍್ಯಾಂಕಿನ್ ರಿಪಬ್ಲಿಕನ್ ಪಕ್ಷದ ಸೆನೆಟ್ ಟಿಕೆಟ್ಟಿಗೆ ಸ್ಪರ್ಧಿಸಿದರು. ಪಕ್ಷದೊಳಗಿನ ಚುನಾವಣೆಯಲ್ಲಿ ಸೋತದ್ದು 1,700ರ ಆಸುಪಾಸಿನ ಮತಗಳಿಂದ. ಆಮೇಲೆ ನ್ಯಾಷನಲ್ ಪಾರ್ಟಿ ಎಂಬ ಸಣ್ಣ ಪಕ್ಷದಿಂದ ನಿಂತು ಸುಮಾರು 26 ಸಾವಿರ ಮತ ಪಡೆದು ಮೂರನೆಯವರಾದರು.

ಯುದ್ಧಜ್ವರ ಉಚ್ಛ್ರಾಯದಲ್ಲಿದ್ದ ವರ್ಷ ಅದು. ಯುದ್ಧದ ವಿರುದ್ಧ ಮಾತಾಡಿದವರನ್ನು ಜೈಲಿಗೆ ಹಾಕುವ ರಾಜದ್ರೋಹ ಕಾಯ್ದೆಯನ್ನು ಮೊಂಟಾನಾ ಅದೇ ವರ್ಷ ತಂದಿತ್ತು. ಅಂಥ ಹೊತ್ತಿನಲ್ಲಿ ಯುದ್ಧವಿರೋಧಿ ಎಂದು ಹೆಸರಾದ ಹೆಂಗಸು ಟಿಕೆಟ್ಟಿನ ಹೊಸ್ತಿಲವರೆಗೆ ಬಂದಿದ್ದರು. 1917ರ ಮತ ನಷ್ಟ ಮಾಡಲಿಲ್ಲ ಎಂದು ನಾನು ವಾದಿಸುತ್ತಿಲ್ಲ, ಮಾಡಿಯೇ ಇರುತ್ತದೆ. ಆದರೆ ಕಂಪನಿ, ಅದರ ಪತ್ರಿಕೆಗಳು, ಹೊಸ ಗೆರೆ ಇವು ಮೂರನ್ನೂ ಬಿಟ್ಟು ಆ ಮತವೊಂದನ್ನೇ ದೂರಿದರೆ ಅದು ಸರಿಯಾದ ಲೆಕ್ಕವಲ್ಲ. ಅಂತರಾತ್ಮಕ್ಕೆ ಕಿವಿಗೊಟ್ಟವರು ಸೋಲುತ್ತಾರೆ ಎಂಬ ಪಾಠ ಬಲವಿದ್ದವರಿಗೆ ಬಹಳ ಅನುಕೂಲದ್ದು ಎಂದು ನನಗನ್ನಿಸುತ್ತದೆ. ಆ ಪಾಠ ಕಲಿತವರು ಸೋಲಿಸಿದ್ದು ಯಾರೆಂದು ಹುಡುಕುವುದನ್ನೇ ಬಿಟ್ಟುಬಿಡುತ್ತಾರೆ.

ಇನ್ನೊಂದು ವಿಷಯ. ಆ ಎರಡು ವರ್ಷಗಳಲ್ಲಿ ರ‍್ಯಾಂಕಿನ್ ಎಲ್ಲದಕ್ಕೂ ‘ಬೇಡ’ ಎನ್ನುತ್ತಾ ಕೂತಿರಲಿಲ್ಲ. ಯುದ್ಧದ ಬಾಂಡ್ ಮಾರಲು ಊರೂರು ತಿರುಗಿದರು. 1917ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾ-ಹಂಗರಿಯ ಮೇಲಿನ ಯುದ್ಧ ಘೋಷಣೆಗೆ ಪರವಾಗಿಯೇ ಮತ ಹಾಕಿದರು, ಆಗಲೇ ನಡೆಯುತ್ತಿರುವ ಯುದ್ಧದ ತಾಂತ್ರಿಕ ಹೆಜ್ಜೆಯಷ್ಟೇ ಇದು ಎಂದರು. ಅವರನ್ನು ಕಳಂಕವಿಲ್ಲದ ಮೂರ್ತಿ ಮಾಡಲು ಹೊರಟವರು ಈ ಮತವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ನನಗೆ ಇದು ಮುಖ್ಯ. 1917ರಲ್ಲಿ ಅವರೂ ಹೊಯ್ದಾಡಿದ್ದರು, ಎಲ್ಲಿ ನಿಲ್ಲಬೇಕೆಂಬುದು ಅವರಿಗೆ ಇನ್ನೂ ಪೂರ್ತಿ ಖಚಿತವಾಗಿರಲಿಲ್ಲ.

ಸರ್ಕಾರದ ನೋಟು ಮುದ್ರಣಾಲಯದ ಪ್ರಸಂಗವನ್ನೂ ಹೇಳಬೇಕು. ಅಲ್ಲಿನ ಹೆಣ್ಣುಮಕ್ಕಳು ದಿನಕ್ಕೆ ಎಂಟು ಗಂಟೆಯ ನಿಯಮ ಮೀರಿ ಹನ್ನೆರಡು ಗಂಟೆಯವರೆಗೂ ದುಡಿಯುತ್ತಿದ್ದಾರೆಂದು ದೂರು ಬಂದಾಗ ರ‍್ಯಾಂಕಿನ್ ತಮ್ಮ ಕಡೆಯಿಂದಲೇ ತನಿಖೆ ಮಾಡಿಸಿ, ಸಂಸತ್ತಿನಲ್ಲಿ ಎತ್ತುತ್ತೇನೆಂದು ಪಟ್ಟು ಹಿಡಿದರು. ಎಂಟು ಗಂಟೆಯ ದಿನ ಮರಳಿ ಬಂತು. ತಾಯಿ-ಮಗುವಿನ ಆರೋಗ್ಯಕ್ಕೆ ಕೇಂದ್ರದಿಂದ ಹಣ ಕೊಡಬೇಕೆಂದು ಅವರು ತಂದ ಮಸೂದೆ ಆಗ ಬಿದ್ದರೂ 1921ರಲ್ಲಿ ಶೆಪರ್ಡ್-ಟೌನರ್ ಕಾಯ್ದೆಯ ರೂಪದಲ್ಲಿ ಬಂತು.

ನಡುವಿನ ವರ್ಷಗಳು

1919ರಲ್ಲಿ ಸಮಾಜ ಸುಧಾರಕಿ ಜೇನ್ ಆಡಮ್ಸ್ ಅವರ ಜೊತೆ ಜ್ಯೂರಿಕ್‌ನ ಮಹಿಳಾ ಶಾಂತಿ ಸಮ್ಮೇಳನಕ್ಕೆ ಹೋದರು. ಆಮೇಲೆ ಕೆಲವು ವರ್ಷ ಫ್ಲಾರೆನ್ಸ್ ಕೆಲಿ ಅವರ ಗ್ರಾಹಕ ಸಂಘಟನೆಯಲ್ಲಿದ್ದು ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಕೆಲಸ ಮಾಡಿದರು. ಜಾರ್ಜಿಯಾದ ಅಥೆನ್ಸ್ ಹತ್ತಿರ ಸ್ವಲ್ಪ ಜಮೀನು ಕೊಂಡು, ಕರೆಂಟಿಲ್ಲದ ಮನೆ ಕಟ್ಟಿಕೊಂಡು, ಸುತ್ತಲಿನ ಮಕ್ಕಳಿಗೆ ಕೂಟಗಳನ್ನು ನಡೆಸಿದರು. 1928ರಲ್ಲಿ ಜಾರ್ಜಿಯಾ ಶಾಂತಿ ಸಂಘ ಹುಟ್ಟುಹಾಕಿದರು. 1929ರಿಂದ ಹತ್ತು ವರ್ಷ ಯುದ್ಧ ತಡೆಯುವ ಸಂಘಟನೆಯೊಂದರ ಪರವಾಗಿ ವಾಷಿಂಗ್ಟನ್ನಿನಲ್ಲಿ ಸಂಸದರ ಬಾಗಿಲು ಬಾಗಿಲಿಗೆ ಅಲೆದರು. ಎರಡು ದಶಕ ಅಧಿಕಾರವಿಲ್ಲದೆ ಅದೇ ಕೆಲಸ. 1917ರಲ್ಲಿ ಹೊಯ್ದಾಡಿದ ಮನಸ್ಸು ಈ ವರ್ಷಗಳಲ್ಲಿ ನೆಲೆಗೊಂಡಿತು.

ಎರಡನೆಯ ಮತ: 1941

1940ರಲ್ಲಿ, ಅರವತ್ತು ತುಂಬಿದ ಮೇಲೆ, ಮೊಂಟಾನಾಕ್ಕೆ ಮರಳಿ ಮತ್ತೆ ಸಂಸತ್ತಿಗೆ ನಿಂತರು. ನಿಂತದ್ದು ಪಶ್ಚಿಮ ಕ್ಷೇತ್ರದಿಂದಲೇ, 1918ರಲ್ಲಿ ದೂರವಿಟ್ಟಿದ್ದ ಕ್ಷೇತ್ರದಿಂದ. ಪ್ರಚಾರಕ್ಕೆ ಮೊದಲು ಕ್ಷೇತ್ರದ ಹೈಸ್ಕೂಲುಗಳನ್ನು ಒಂದೂ ಬಿಡದಂತೆ ಸುತ್ತಲು ಹೊರಟು 56ರಲ್ಲಿ 52ನ್ನು ಮುಗಿಸಿದರು. ಮಕ್ಕಳ ಮುಂದೆ ಯುದ್ಧದ ಬಗ್ಗೆ ಮಾತಾಡಿ, ನಮಗೆ ಯುದ್ಧ ಬೇಡವೆಂದು ಅಧ್ಯಕ್ಷರಿಗೆ ಕಾಗದ ಬರೆಯಲು ನಿಮ್ಮ ಅಪ್ಪ ಅಮ್ಮನಿಗೆ ಹೇಳಿ ಎಂದರು. ಹಾಲಿ ಸದಸ್ಯರನ್ನು ಪಕ್ಷದೊಳಗೆ ಸೋಲಿಸಿ, ಮಾಜಿ ಸದಸ್ಯರನ್ನು ಚುನಾವಣೆಯಲ್ಲಿ ಸೋಲಿಸಿ ಗೆದ್ದರು. ಜನ ಅವರ ಹಳೆಯ ಮತವನ್ನು ಮರೆತು ಗೆಲ್ಲಿಸಿದ್ದಲ್ಲ, ಗೊತ್ತಿದ್ದೇ ಗೆಲ್ಲಿಸಿದರು. ಆ ವರ್ಷ ನಿಮ್ಮ ಹುಡುಗರನ್ನು ಪರದೇಶದ ಯುದ್ಧಗಳಿಗೆ ಕಳಿಸುವುದಿಲ್ಲವೆಂದು ಅಧ್ಯಕ್ಷ ರೂಸ್‌ವೆಲ್ಟ್ ಅವರೂ ವೇದಿಕೆಯಲ್ಲಿ ಹೇಳುತ್ತಿದ್ದರು.

1941ರ ಡಿಸೆಂಬರ್ 7, ಭಾನುವಾರ. ರ‍್ಯಾಂಕಿನ್ ಭಾಷಣಕ್ಕೆಂದು ರೈಲಿನಲ್ಲಿ ಡೆಟ್ರಾಯ್ಟ್‌ಗೆ ಹೊರಟಿದ್ದರು. ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬು ಹಾಕಿದ ಸುದ್ದಿ ರೇಡಿಯೋದಲ್ಲಿ ಬಂದಿತ್ತು. ಪಿಟ್ಸ್‌ಬರ್ಗ್‌ನಲ್ಲಿ ಇಳಿದು ವಾಷಿಂಗ್ಟನ್ನಿಗೆ ಹಿಂದಿರುಗಿದರು. ಸೋಮವಾರ ಬೆಳಿಗ್ಗೆ ಯಾರ ಕೈಗೂ ಸಿಗಬಾರದೆಂದು ಕಾರು ಹತ್ತಿ ಊರು ಸುತ್ತಿದರು. ತಮ್ಮ ಫೋನ್ ಮಾಡುತ್ತಾನೆ, ಗೆಳತಿಯರು ಬರುತ್ತಾರೆ, ಎಲ್ಲರೂ ಅದನ್ನೇ ಹೇಳುತ್ತಾರೆ ಎಂಬುದು ಗೊತ್ತಿತ್ತು. 1917ರಲ್ಲಿ ನಾಲ್ಕು ದಿನ ಎಲ್ಲರ ಮಾತನ್ನೂ ಕೇಳಿಸಿಕೊಂಡಿದ್ದವರು ಈ ಸಲ ಒಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ರೂಸ್‌ವೆಲ್ಟ್ ಭಾಷಣ. ಅದು ಮುಗಿದು ಒಂದು ಗಂಟೆಯೊಳಗೆ ಮತದಾನ. ರ‍್ಯಾಂಕಿನ್ ಎದ್ದು ಮಾತಾಡಲು ಮತ್ತೆ ಮತ್ತೆ ಅವಕಾಶ ಕೇಳಿದರು. ಸ್ಪೀಕರ್ ಸ್ಯಾಮ್ ರೇಬರ್ನ್ ಅವರ ಕಡೆ ತಿರುಗಲೂ ಇಲ್ಲ. ಕೂತ್ಕೊಳ್ಳಿ ಜನೆಟ್ ಎಂದು ಸದಸ್ಯರು ಕೂಗಿದರು. ನಿಲುವು ಬದಲಿಸಿ, ಕಡೇಪಕ್ಷ ಯಾವ ಕಡೆಗೂ ಸೇರದೆ ‘ಹಾಜರಿದ್ದೇನೆ’ ಎಂದಷ್ಟೇ ಹೇಳಿ ಎಂದು ಸದಸ್ಯ ಎವರೆಟ್ ಡರ್ಕ್ಸೆನ್ ಮೊದಲಾದವರು ಬಂದು ಬೇಡಿಕೊಂಡರು. ಹೆಸರು ಕರೆದಾಗ ರ‍್ಯಾಂಕಿನ್ ವಿರುದ್ಧ ಮತ ಹಾಕಿ, ಹೆಂಗಸಾಗಿ ನಾನು ಯುದ್ಧಕ್ಕೆ ಹೋಗುವಂತಿಲ್ಲ, ಬೇರೆಯವರನ್ನು ಕಳಿಸಲೂ ಒಪ್ಪುವುದಿಲ್ಲ ಎಂದರು. ಸದನ ಮತ್ತು ಗ್ಯಾಲರಿಯಿಂದ ಛೀಗುಟ್ಟುವ ಸದ್ದು ಎದ್ದಿತು. 388–1. ಸೆನೆಟ್‌ನಲ್ಲಿ 82–0.

ಹೊರಗೆ ಬಂದರೆ ಜನ ಮುತ್ತಿಕೊಂಡರು. ಪಕ್ಕದಲ್ಲೇ ಇದ್ದ ಟೆಲಿಫೋನ್ ಬೂತಿನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡರು. ಆ ಚಿತ್ರ ಇಂದಿಗೂ ನೋಡಲು ಸಿಗುತ್ತದೆ: ಇಕ್ಕಟ್ಟಾದ ಬೂತು, ಅದರೊಳಗೆ ಟೋಪಿ ಹಾಕಿಕೊಂಡ ಅರವತ್ತೊಂದರ ಹೆಂಗಸು. ಕೊನೆಗೆ ಪೊಲೀಸರು ಬಂದು ಅವರನ್ನು ಕಚೇರಿಗೆ ತಲುಪಿಸಿದರು. ತಮ್ಮನಿಂದ ತಂತಿ ಬಂತು: ಇಡೀ ಮೊಂಟಾನಾ ನೂರಕ್ಕೆ ನೂರು ನಿನ್ನ ವಿರುದ್ಧ. ದೇಶದ ಉದ್ದಗಲದಿಂದ ಬೈಗುಳದ ಪತ್ರಗಳು ಬಂದವು. ಕ್ಯಾನ್ಸಸ್‌ನ ಪತ್ರಿಕೆಯೊಂದರ ಸಂಪಾದಕ ವಿಲಿಯಂ ಆಲನ್ ವೈಟ್ ಮಾತ್ರ, ಅವರ ನಿಲುವನ್ನು ಒಂದಿಷ್ಟೂ ಒಪ್ಪುವುದಿಲ್ಲವೆನ್ನುತ್ತಲೇ, ಎಂಥ ಧೈರ್ಯದ ಕೆಲಸ ಮಾಡಿದರು ಎಂದು ಬರೆದರು.

‘ಹೆಂಗಸಾಗಿ’ ಎಂಬ ಅವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಆ ದಿನ ಸದನದಲ್ಲಿದ್ದು ಮತ ಹಾಕಿದ ಉಳಿದ ಹೆಂಗಸರೆಲ್ಲ ಯುದ್ಧದ ಪರವಾಗಿದ್ದರು. 1917ರಲ್ಲಿ ಅವರ ಜೊತೆಗೆ ‘ಬೇಡ’ ಎಂದ ನಲವತ್ತೊಂಬತ್ತು ಮಂದಿ ಗಂಡಸರು. ಹೆಂಗಸೆಂದರೆ ಶಾಂತಿ ಎಂಬ ಸಮೀಕರಣವನ್ನು ಅವರ ಎರಡು ಮತಗಳ ಲೆಕ್ಕವೇ ಸುಳ್ಳು ಮಾಡುತ್ತದೆ. ಅವರ ಮತ ಹೊಮ್ಮಿದ್ದು ಹೆಣ್ತನದಿಂದಲ್ಲ, ಇಪ್ಪತ್ತು ವರ್ಷ ಮಾಡಿದ ಕೆಲಸದಿಂದ. ಹೈಸ್ಕೂಲುಗಳಲ್ಲಿ ಆ ಹುಡುಗರ ಮುಖ ನೋಡಿ ಕೊಟ್ಟ ಮಾತಿನಿಂದ.

ಅವರು ಮಾಡಿದ್ದು ಸರಿಯೇ? ಹಡಗುಗಳು ಉರಿದು ಎರಡು ಸಾವಿರಕ್ಕಿಂತ ಹೆಚ್ಚು ಜನ ಸತ್ತ ಮರುದಿನ, ಹಿಟ್ಲರನ ಯುರೋಪ್ ಕಣ್ಣ ಮುಂದಿರುವಾಗ, ನಾನಾಗಿದ್ದರೆ ಆ ಮತ ಹಾಕುತ್ತಿರಲಿಲ್ಲ. ಆದರೂ ಅವರಿಗೆ ಮಾತಾಡಲು ಒಂದು ನಿಮಿಷ ಕೊಡದ ಸದನದ ಬಗ್ಗೆ ನನಗೆ ಬೇಸರವಿದೆ. 1917ರಲ್ಲಿ ಇದೇ ಸದನ ಬೆಳಗಿನ ಜಾವದವರೆಗೆ ಕೂತು ವಾದಿಸಿತ್ತು, ಐವತ್ತು ಮಂದಿ ಬೇಡವೆಂದಿದ್ದರು, ಆದರೂ ಯುದ್ಧ ನಿಲ್ಲಲಿಲ್ಲ. 388ರ ಎದುರು ಒಂಟಿಯಾಗಿ ನಿಂತವರ ಒಂದು ನಿಮಿಷದಿಂದ ಏನು ಕೆಡುತ್ತಿತ್ತು? ಮೂರು ದಿನ ಕಳೆದು ಜರ್ಮನಿ ಮತ್ತು ಇಟಲಿಯ ಮೇಲಿನ ಯುದ್ಧ ಘೋಷಣೆ ಬಂದಾಗ ಅವರು ‘ಹಾಜರಿದ್ದೇನೆ’ ಎಂದಷ್ಟೇ ಹೇಳಿದರು.

ಈ ಸಲ ಕಂಪನಿಯೂ ಬೇಕಾಗಲಿಲ್ಲ, ಕ್ಷೇತ್ರದ ಗೆರೆಯೂ ಬೇಕಾಗಲಿಲ್ಲ. ಸದನದಲ್ಲಿ ಉಳಿದ ದಿನಗಳಲ್ಲಿ ಅವರ ಮಾತಿಗೆ ತೂಕವಿರಲಿಲ್ಲ. 1942ರಲ್ಲಿ ಅವರು ನಿಲ್ಲಲೇ ಇಲ್ಲ. ಮೊದಲ ಸಲದ ಸೋಲಿಗೆ ಹತ್ತು ಕೈ ಇದ್ದವು, ಎರಡನೆಯದಕ್ಕೆ ಆ ಒಂದು ಮತವೇ ಸಾಕಾಯಿತು.

ಆಮೇಲೆ

1946ರಿಂದ 1971ರ ನಡುವೆ ರ‍್ಯಾಂಕಿನ್ ಏಳು ಸಲ ಭಾರತಕ್ಕೆ ಬಂದರು. ಗಾಂಧೀಜಿಯವರ ಅಹಿಂಸೆಯನ್ನು ಅದು ಬೆಳೆದ ನೆಲದಲ್ಲೇ ನೋಡಬೇಕೆಂಬುದು ಆಸೆ. ಗಾಂಧೀಜಿಯವರ ಭೇಟಿ ಮಾತ್ರ ಕೊನೆಗೂ ಆಗಲಿಲ್ಲ. ಇಬ್ಬರ ದಿನಚರಿಯಲ್ಲಿ ನನ್ನನ್ನು ತಡೆದು ನಿಲ್ಲಿಸುವ ಒಂದು ತಿಂಗಳಿದೆ. ರ‍್ಯಾಂಕಿನ್ ಬೆಳಗಿನ ಜಾವ ಎದ್ದು ನಿಂತು ‘ಹಾಕಲಾರೆ’ ಎಂದದ್ದು 1917ರ ಏಪ್ರಿಲ್ 6. ಚಂಪಾರಣ ಬಿಟ್ಟು ಹೋಗೆಂಬ ಆದೇಶವನ್ನು ಪಾಲಿಸಲಾರೆ ಎಂದು ಗಾಂಧೀಜಿ ಮೋತಿಹಾರಿಯ ಕೋರ್ಟಿನಲ್ಲಿ ನಿಂತು ಹೇಳಿದ್ದು ಅದೇ ಏಪ್ರಿಲ್ 18. ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧವೇ ಇಲ್ಲದ ಕಾಲ ಅದು.

1968ರ ಜನವರಿ 15ರಂದು ವಾಷಿಂಗ್ಟನ್ನಿನ ಹಿಮದಲ್ಲಿ ಸುಮಾರು ಐದು ಸಾವಿರ ಹೆಂಗಸರು ವಿಯೆಟ್ನಾಂ ಯುದ್ಧದ ವಿರುದ್ಧ ಮೆರವಣಿಗೆ ಹೊರಟರು. ಪಡೆಗೆ ಇಟ್ಟಿದ್ದ ಹೆಸರು ಜನೆಟ್ ರ‍್ಯಾಂಕಿನ್ ಬ್ರಿಗೇಡ್. ಅವರಿಗೆ ಆಗ 87 ವರ್ಷ, ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲೇ ನಡೆದರು. ಮೆರವಣಿಗೆಯನ್ನು ಸಂಸತ್ ಭವನದ ಆವರಣಕ್ಕೆ ಬಿಡಲಿಲ್ಲ. ರ‍್ಯಾಂಕಿನ್ ಮತ್ತು ಕೆಲವೇ ಕೆಲವರು ಒಳಗೆ ಹೋಗಿ ಮನವಿ ಕೊಟ್ಟರು. ಅದನ್ನು ಪಡೆದವರಲ್ಲಿ ಒಬ್ಬರು ಸೆನೆಟ್‌ನ ಬಹುಮತ ಪಕ್ಷದ ನಾಯಕ, ಮೊಂಟಾನಾದ ಮೈಕ್ ಮ್ಯಾನ್ಸ್‌ಫೀಲ್ಡ್.

ಮ್ಯಾನ್ಸ್‌ಫೀಲ್ಡ್ ಹದಿನಾಲ್ಕನೆಯ ವಯಸ್ಸಿನಲ್ಲಿ, 1918ರಲ್ಲಿ, ವಯಸ್ಸು ಸುಳ್ಳು ಹೇಳಿ ನೌಕಾಪಡೆಗೆ ಸೇರಿದ ಹುಡುಗ. ರ‍್ಯಾಂಕಿನ್ ಬೇಡವೆಂದ ಅದೇ ಯುದ್ಧಕ್ಕೆ. ಅಲ್ಲಿಂದ ಬಂದು ಬ್ಯೂಟ್‌ನ ತಾಮ್ರದ ಗಣಿಗಳಲ್ಲಿ ಮಣ್ಣು ತುಂಬುವ ಕೆಲಸ ಮಾಡಿದವರು. ಆಮೇಲೆ ಓದಿ, ಮೇಷ್ಟ್ರಾಗಿ, 1942ರಲ್ಲಿ ರ‍್ಯಾಂಕಿನ್ ಬಿಟ್ಟುಕೊಟ್ಟ ಸ್ಥಾನದಿಂದಲೇ ಸಂಸತ್ತಿಗೆ ಬಂದವರು. ವಿಯೆಟ್ನಾಂ ಯುದ್ಧ ಬೇಡವೆಂದು ಅವರೂ ಆ ಹೊತ್ತಿಗೆ ಹೇಳತೊಡಗಿದ್ದರು. ಮನವಿಯ ಕಾಗದ ಹಿಡಿದು ರ‍್ಯಾಂಕಿನ್ ನಿಂತದ್ದು ಅವರ ಎದುರಿಗೆ.